ನಾಲ್ಕು ಗೆರೆಯ ಕಲ್ಲು

ಮೊನ್ನೆ ನನ್ನ ಷಡ್ಡಕನ ಮನೆ ಗೃಹಪ್ರವೇಶದಲ್ಲಿ ನಾಲ್ಕು ಒಬ್ಬಟ್ಟು ತಿಂದೆ. ಒಂದೂ ರುಚಿಸಲಿಲ್ಲ. ಒಬ್ಬಟ್ಟಿನ ತಪ್ಪೇನಿಲ್ಲ. ತುಪ್ಪ ಸುರಿದು ಬಡಿಸಿದ ನಾದಿನಿಯ ತಪ್ಪೂ ಇಲ್ಲ. ಹೊಟ್ಟೆಯಲ್ಲಿ ಆಗಲೇ ಕಿಚ್ಚು ತುಂಬಿಕೊಂಡಿದ್ದರೆ ಹೂರಣಕ್ಕೆ ಜಾಗ ಎಲ್ಲಿ?

ಹೌದು, ಹೊಟ್ಟೆಕಿಚ್ಚು. ವಾರವಾರ ಈ ಜಾಗದಲ್ಲಿ ಊರವರ ಹುಳುಕು ಬರೆಯುವವನು ಒಂದು ವಾರವಾದರೂ ತನ್ನದನ್ನು ಬರೆಯಬೇಡವೇ? ಬರೆಯುತ್ತೇನೆ. ಓದಿ ನಗುವುದಾದರೆ ನಗಿ. ಅವನ ಕಡೆ ಸೇರಿಕೊಂಡು ಮಾತ್ರ ನಗಬೇಡಿ.

ಅವನ ಹೆಸರು ನಂಜಪ್ಪ. ನನ್ನ ಹೆಂಡತಿಯ ತಂಗಿಯ ಗಂಡ. ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ವ್ಯಾಪಾರ. ಕೊಳ್ಳೇಗಾಲ ಮದರಾಸಿನವರ ಕೈಯಲ್ಲಿದ್ದಾಗಲೂ ಚೆನ್ನಾಗಿದ್ದ, ಮೈಸೂರಿಗೆ ಸೇರಿದ ಮೇಲೂ ಚೆನ್ನಾಗಿದ್ದಾನೆ. (ರಾಜ್ಯ ಬದಲಾದರೂ ಅದೃಷ್ಟ ಬದಲಾಗದ ಜನ ಇರುತ್ತಾರೆ ನೋಡಿ.) ನಾನು ಸೈಕಲ್ಲು ಕೊಂಡ ವರ್ಷ ಅವನು ಸ್ಕೂಟರ್ ಕೊಂಡ. ನಾನು ರೇಡಿಯೋ ತಂದು ಜಗಲಿಯಲ್ಲಿಟ್ಟು ಊರವರನ್ನೆಲ್ಲ ಕೂರಿಸಿಕೊಂಡ ತಿಂಗಳೇ ಅವನು ಟ್ರಾನ್ಸಿಸ್ಟರ್ ಹೆಗಲಿಗೆ ನೇತುಹಾಕಿಕೊಂಡು ನಮ್ಮ ಮನೆಗೆ ಬಂದ. ಎಲ್ಲರೂ ಎದ್ದು ಅವನ ಸುತ್ತ ಹೋಗಿ ನಿಂತರು.

ಮನುಷ್ಯ ಕೆಟ್ಟವನಾಗಿದ್ದಿದ್ದರೆ ಹೇಗೋ ಸಹಿಸಬಹುದಿತ್ತು. ಒಳ್ಳೆಯವನು! ಬಾಯ್ತುಂಬ "ಅಣ್ಣ" ಅನ್ನುತ್ತಾನೆ. ಬಂದಾಗಲೆಲ್ಲ ನನಗೆ ನಶ್ಯದ ಡಬ್ಬಿ ತರುತ್ತಾನೆ. ಒಳ್ಳೆಯವನ ಮೇಲೆ ಹೊಟ್ಟೆಕಿಚ್ಚು ಪಡುವ ಕಷ್ಟ ಪಟ್ಟವರಿಗೇ ಗೊತ್ತು.

ಇಂಥವನು ಹೋದ ವರ್ಷ ಬೇಸಿಗೆಯಲ್ಲಿ ನಮ್ಮೂರಿನಲ್ಲಿ ಜಾಗ ಕೊಂಡ. ಅದೂ ಎಲ್ಲಿ? ನಮ್ಮ ಮನೆಯ ಪಕ್ಕದಲ್ಲಿ. ಕೆರೆಯ ಅಂಚಿಗೆ.

ಯಳಂದೂರಿಗೆ ಹತ್ತಿರದ ಸಣ್ಣ ಊರು ನಮ್ಮದು. ಹೇಳಿಕೊಳ್ಳುವುದಕ್ಕೆ ಇರುವುದು ಕೆರೆಯೊಂದೇ. ಅದರ ಒಂದು ಮೂಲೆ ರಸ್ತೆಯ ಕಡೆಗೆ ಒಳಕ್ಕೆ ಚಾಚಿಕೊಂಡಿದೆ. ಅಲ್ಲಿ ಆಳೆತ್ತರದ ಜೊಂಡು, ನಡುನಡುವೆ ಕರಿಜಾಲಿ ಮರ. ವರ್ಷಾವರ್ಷ ಕೊಕ್ಕರೆ, ಬೆಳ್ಳಕ್ಕಿ ಬಂದು ಅಲ್ಲೇ ಗೂಡು ಕಟ್ಟುತ್ತವೆ. ಒಂದು ಜೊತೆ ಕೊಕ್ಕರೆ ಮಾತ್ರ ನಮ್ಮ ಹಿತ್ತಲಿನ ಕರಿಜಾಲಿಗೆ ಬರುತ್ತಿತ್ತು. ಅವಕ್ಕೆ ಯಾರೂ ಕಲ್ಲು ಬೀರುವುದಿಲ್ಲ. ದೀಪಾವಳಿಗೆ ಆ ಕಡೆ ಪಟಾಕಿ ಹಚ್ಚುವುದಿಲ್ಲ. ಹಕ್ಕಿ ಕೂತ ನೀರು ಗದ್ದೆಗೆ ಗೊಬ್ಬರ ಅಂತ ಹಿಂದಿನವರಿಂದ ಬಂದ ನಂಬಿಕೆ.

ಕೆರೆಯ ಸುತ್ತ ಎಲ್ಲೆ ಕಲ್ಲುಗಳಿವೆ. ಕೆರೆ ತುಂಬಿದಾಗ ನೀರು ಎಲ್ಲಿಗೆ ಬಂದು ನಿಲ್ಲುತ್ತದೋ ಅಲ್ಲೊಂದು ಕಲ್ಲು. ಮೊದಲನೆಯದರ ಮೇಲೆ ಒಂದು ಗೆರೆ, ಎರಡನೆಯದರ ಮೇಲೆ ಎರಡು, ಹೀಗೆ. ಕಲ್ಲಿನಿಂದ ಮೂರು ಹಗ್ಗದೊಳಗೆ ಯಾರೂ ಗೋಡೆ ಎಬ್ಬಿಸುವಂತಿಲ್ಲ, ಮಣ್ಣು ತುಂಬುವಂತಿಲ್ಲ. ಹಗ್ಗ ಅಂದರೆ ಪಂಚಾಯ್ತಿ ಆಫೀಸಿನ ಗೂಟಕ್ಕೆ ನೇತುಹಾಕಿರುವ ಹಗ್ಗ. ಅದರ ಒಂದು ತುದಿಯನ್ನು ಕಲ್ಲಿನ ಹತ್ತಿರ ನೀರುಗಂಟಿ ಹಿಡಿಯುತ್ತಾನೆ, ಅಂದರೆ ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚುವವನು. ಇನ್ನೊಂದು ತುದಿಯನ್ನು ಮನೆ ಕಟ್ಟುವವನೇ ಹಿಡಿಯಬೇಕು. ತಾನೇ ಹಿಡಿದು ಅಳೆದವನು ನಾಳೆ ಅಳತೆ ತಪ್ಪು ಅಂತ ತಕರಾರು ಮಾಡುವ ಹಾಗಿಲ್ಲ.

ಈ ಅಳತೆ ನೋಡಿ ಸೈನ್ ಹಾಕುವ ಕಟ್ಟಡ ಸಮಿತಿಗೆ ನಾನೇ ಮುಖ್ಯಸ್ಥ. (ಬೇರೆ ಯಾರಿಗೂ ಬೇಡವಾಗಿತ್ತು.)

ನಂಜಪ್ಪ ಮೈಸೂರಿನ ಇಂಜಿನಿಯರ್ ಕೈಲಿ ಬರೆಸಿದ ನೀಲಿ ಪ್ಲಾನನ್ನು ತಂದು ನಮ್ಮ ಜಗಲಿಯ ಮೇಲೆ ಹರಡಿದ.

"ಇಲ್ಲಿ ಮನೆ ಕಣಣ್ಣ. ಇದು ಲಾನು. ಇಲ್ಲೊಂದು ಕಾರಂಜಿ. ಇಲ್ಲಿ ಕಲ್ಬೆಂಚು. ಸಂಜೆ ಒತ್ತು ತಣ್ಗೆ ಕೂತ್ಕಂಡು ಕೆರೆ ನೋಡ್ಬೋದು. ನೀವೂ ಬನ್ನಿ."

"ಈ ಜೊಂಡು?" ಅಂದೆ.

"ಕಿತ್ತಾಕಿ ಮಣ್ಣು ತುಂಬ್ಸೂದು. ಗುಲಾಬಿ ಆಕನಾ ಅಂತವ್ನೆ ಇಂಜಿನಿಯರ್ರು."

ನೀವೂ ಬನ್ನಿ! ಕೇಳಿದಿರಾ? ನಮ್ಮಜ್ಜ ಈಜಿದ ಕೆರೆ ನೋಡುವುದಕ್ಕೆ ನನಗೇ ಆಹ್ವಾನ!

ಒಳಗಿನಿಂದ ನನ್ನ ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದಳು. ಅವಳ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿ ಕಾಲವಾಗಿತ್ತು. "ಮದ್ವೆ ಆದಾಗಿಂದ ನನ್ ತಂಗೀನ ಅಬ್ಬಕ್ಕೋ ಸಾವ್ಗೋ ನೋಡೂದೇ ಆಯ್ತು. ಇನ್ಮ್ಯಾಲೆ ಬೇಲಿ ಮ್ಯಾಲೇ ಸಾರು ಕೊಡ್ಬೋದು. ಬ್ಯಾಗ ಸೈನ್ ಆಕ್ಕೊಡಿ," ಅಂದಳು.

"ರೂಲ್ಸ್ ನೋಡಬೇಕು," ಅಂದೆ.

ನಿಜ ಹೇಳಿಬಿಡುತ್ತೇನೆ. ಆ ಹಕ್ಕಿಗಳನ್ನು ನಾನು ತಲೆಯೆತ್ತಿ ನೋಡಿ ಹತ್ತು ವರ್ಷವಾಗಿತ್ತು. ಆ ಸಂಜೆಯಿಂದ ಮಾತ್ರ ಕೊಕ್ಕರೆ ಕಂಡರೆ ಕರುಳು ಚುರ್ ಅನ್ನುವುದಕ್ಕೆ ಶುರುವಾಯಿತು.

ಎರಡು ದಿನ ಬಿಟ್ಟು ಅಳತೆ. ನಾನು, ಪಂಚಾಯ್ತಿ ಛೇರ್ಮನ್ನರು, ನೀರುಗಂಟಿ ಸಿದ್ದಯ್ಯ, ಹಗ್ಗದ ತುದಿ ಹಿಡಿದ ನಂಜಪ್ಪ. ಬೇಸಿಗೆಯಲ್ಲವೇ, ನೀರು ಹಿಂದಕ್ಕೆ ಸರಿದು ಜೊಂಡಿನ ಮೂಲೆ ಒಣನೆಲದಂತೆ ಬಿದ್ದಿತ್ತು. ಮೂಲೆಯ ಬಾಯಲ್ಲಿ ಆ ಕಡೆ ಒಂದು, ಈ ಕಡೆ ಒಂದು ಕಲ್ಲು. ಎರಡರಿಂದಲೂ ಮೂರು ಹಗ್ಗ ಅಳೆದೆವು. ಲಾನೂ ಪಾಸು, ಕಾರಂಜಿಯೂ ಪಾಸು!

"ಸರ್ಯಾಗದೆ. ಸೈನ್ ಆಕಿ ಮತ್ತೆ," ಅಂದರು ಛೇರ್ಮನ್ನರು. (ಪಂಚಾಯ್ತಿಗೆ ಲೌಡ್ ಸ್ಪೀಕರ್ ಇರುವ ರೇಡಿಯೋ ಕೊಡಿಸುತ್ತೇನೆ ಅಂತ ನಂಜಪ್ಪ ಹೇಳಿದ್ದ. ಮತ್ತೆ ರೇಡಿಯೋ!)

"ಕೊಕ್ಕರೆ ಗತಿ ಏನು?" ಅಂದೆ.

"ರೂಲ್ಸಲ್ಲಿ ಕೊಕ್ಕರೆ ಅಂತ ಬರ್ದಿಲ್ಲ ಕಣ್ರಿ. ಕಲ್ಲು ಅಂತ ಬರ್ದದೆ."

ಕಲ್ಲು ಅಂದಿದ್ದೇ ತಡ, ನಾನು ಕಲ್ಲಿನ ಹತ್ತಿರ ಕೂತು ಮಣ್ಣು ಒರೆಸಿದೆ. ಮೂರು ಗೆರೆ. ಓಡಿಹೋಗಿ ಆ ಕಡೆಯದನ್ನು ಒರೆಸಿದೆ. ಐದು ಗೆರೆ!

"ನಾಲ್ಕು ಎಲ್ಲಿ?" ಅಂತ ಕೂಗಿದೆ. ನನ್ನ ಗಂಟಲಿಗೆ ಇಷ್ಟು ಶಕ್ತಿ ಇದೆ ಅಂತ ನನಗೇ ಗೊತ್ತಿರಲಿಲ್ಲ.

ಸಿದ್ದಯ್ಯ ತಲೆ ಕೆರೆದುಕೊಂಡ. "ಇತ್ತು ಬುದ್ಧಿ. ನಾನು ಚಿಕ್ಕೋನಿದ್ದಾಗ ನೋಡಿವ್ನಿ. ಮೂಲೆ ಒಳೀಕೆ, ರಸ್ತೆ ಮಗ್ಗುಲ್ಗೆ ಇತ್ತು. ಆಮ್ಯಾಕೆ ಯಾರೋ ಎತ್ಕಂಡೋದ್ರು."

ಅಂದರೆ ಜೊಂಡಿನ ಮೂಲೆ ಪೂರ್ತಿ ಕೆರೆಯದೇ! ನನಗೆ ಮೈಮೇಲೆ ದೇವರು ಬಂದಂತಾಯಿತು. ಕೆರೆಯ ಕಲ್ಲು ಕೀಳುವವನು ಎಂಥ ನೀಚ, ಅವನು ಹೆತ್ತ ಮಕ್ಕಳು ಎಂಥವರಿರಬಹುದು, ಅವರ ಮನೆ ಉದ್ಧಾರವಾಗುತ್ತದೆಯೇ ಅಂತ ಬಿಸಿಲಲ್ಲಿ ನಿಂತು ಭಾಷಣ ಬಿಗಿದೆ. ನಂಜಪ್ಪ ಬಾಯಿ ತೆರೆದುಕೊಂಡು ಕೇಳಿದ. ಕಲ್ಲು ಸಿಗುವ ತನಕ ಪ್ಲಾನ್ ಪಾಸಿಲ್ಲ ಅಂತ ತೀರ್ಮಾನವಾಯಿತು. ಇಷ್ಟು ವರ್ಷದ ಮೇಲೆ ಅದೆಲ್ಲಿ ಸಿಗುತ್ತದೆ? ಒಳಗೊಳಗೇ ಕುಣಿಯುತ್ತ ಎಲ್ಲರನ್ನೂ ಮಜ್ಜಿಗೆಗೆ ಮನೆಗೆ ಕರೆದುಕೊಂಡು ಬಂದೆ.

ಸಿದ್ದಯ್ಯ ಕಾಲು ತೊಳೆಯುವುದಕ್ಕೆ ಹಿತ್ತಲಿಗೆ ಹೋದ. ಅಲ್ಲಿ ನನ್ನ ಹೆಂಡತಿ ಬಟ್ಟೆ ಒಗೆಯುತ್ತಿದ್ದಳು. ಅವನು ಹೋದವನು ಬರಲೇ ಇಲ್ಲ. ಏನು ಅಂತ ನಾವೂ ಹೋದೆವು. ಅವನು ಒಗೆಯುವ ಕಲ್ಲಿನ ಸುತ್ತ ತಿರುಗುತ್ತಿದ್ದ.

"ಅವ್ವಾ, ಈ ಕಲ್ಲು ಯಾವತ್ತಿಂದ ಅದೆ?"

"ನಮ್ಮಾವ ಆಕ್ಸಿದ್ದಂತೆ ಕಣಪ್ಪ. ನಾನ್ ಬಂದಾಗ್ಲೇ ಇತ್ತು," ಅಂದಳು ಮಹಾತಾಯಿ. ಅಷ್ಟಕ್ಕೇ ಬಿಟ್ಟಳೇ? "ಒಂದ್ ಕಿತ ಚೇಳು ಓಯ್ತು ಅಂತ ಎತ್ಸಿದ್ದೆ. ಅಡೀಲಿ ನಾಕು ಗೆರೆ ಅವೆ. ಯಾಕೆ?"

ಛೇರ್ಮನ್ನರು ಮಜ್ಜಿಗೆ ಲೋಟದೊಳಗೆ ಏನೋ ಹುಡುಕುತ್ತಿದ್ದರು. ನಾನು ಬಿಸಿಲಲ್ಲಿ ಆಡಿದ ಒಂದೊಂದು ಮಾತೂ ತಿರುಗಿ ಬಂದು ಕಿವಿಗೆ ಬಡಿಯುತ್ತಿತ್ತು. ನೀಚ ಅಂದಿದ್ದೆನಲ್ಲವೇ? ಅವನು ಹೆತ್ತ ಮಕ್ಕಳು ಅಂತಲೂ ಅಂದಿದ್ದೆನಲ್ಲವೇ?

ಮೊದಲು ಬಾಯಿ ಬಿಟ್ಟವನು ನಂಜಪ್ಪ. "ಬಿದ್ದೋಗಿತ್ತೇನೋ, ದೊಡ್ಡೋರು ಜ್ವಾಪಾನ್ವಾಗಿ ತಂದ್ ಮಡ್ಗವ್ರೆ ಕಣಣ್ಣ," ಅಂದ. ನನ್ನಪ್ಪನ ಮಾನ ಕಾಪಾಡುವುದಕ್ಕೂ ಅವನೇ ಬರಬೇಕೇ?

ಛೇರ್ಮನ್ನರು ನನ್ನನ್ನು ಪಕ್ಕಕ್ಕೆ ಕರೆದರು. "ನೋಡಿ, ಇದ್ಯಾಕೆ ಊರ್ಗೆಲ್ಲ ಗೊತ್ತಾಗ್ಬೇಕು? ಕಲ್ಲು ಇಲ್ಲೇ ಇರ್ಲಿ. ಅವ್ರ ಪ್ಲಾನೂ ಪಾಸಾಗ್ಲಿ. ನಿಮ್ಮಪ್ಪಾರ ಎಸ್ರೂ ಉಳೀಲಿ. ನಾವ್ಯಾರೂ ಬಾಯ್ ಬುಡಕಿಲ್ಲ," ಅಂದರು.

ಒಂದು ಕಡೆ ಸತ್ತ ಅಪ್ಪನ ಹೆಸರು. ಇನ್ನೊಂದು ಕಡೆ ನಂಜಪ್ಪನ ಲಾನು, ಕಾರಂಜಿ, ಕಲ್ಲುಬೆಂಚು. ದಿನಾ ಸಂಜೆ ಅದರ ಮೇಲೆ ಕೂತ ನಂಜಪ್ಪ. "ನೀವೂ ಬನ್ನಿ" ಅನ್ನುವ ನಂಜಪ್ಪ.

ಓದುಗರೇ, ನಾನು ಅಪ್ಪನನ್ನು ಬಿಟ್ಟುಕೊಟ್ಟೆ.

"ಕಲ್ಲು ಎತ್ತಿ," ಅಂದೆ.

ಛೇರ್ಮನ್ನರ ಕಣ್ಣು ಒದ್ದೆಯಾಯಿತು. "ಎಂಥಾ ನ್ಯಾಯಸ್ತ್ರಪ್ಪ ನೀವು!" ಅಂದರು. ನನ್ನ ಹೆಂಡತಿಯ ಕಣ್ಣು ಒದ್ದೆಯಾಗಲಿಲ್ಲ. ಎಲ್ಲರೂ ಹೋದ ಮೇಲೆ ನನ್ನ ಎದುರು ನಿಂತಳು. "ನ್ಯಾಯ ಅಂತೆ ನ್ಯಾಯ! ಒಟ್ಟೆಕಿಚ್ಚು! ಅವ್ರು ಪಕ್ದಲ್ಲಿ ಬಂದು ಚೆಂದಾಗಿರೂದು ನಿಮ್ಗೆ ಬ್ಯಾಡ. ಅದ್ರಲ್ಲಿ ನನ್ ತಂಗೀನೂ ದೂರ ಆದ್ಲಲ್ಲ, ಅದ್ ಗ್ಯಾನ ಅದಾ ನಿಮ್ಗೆ?" ಅಂದವಳು ಎಂಟು ದಿನ ಮಾತು ಬಿಟ್ಟಳು. ಅನ್ನ ಬಡಿಸುವಾಗ ಸೌಟು ಮಾತ್ರ ಮಾತಾಡುತ್ತಿತ್ತು. ಅವಳು ಹೇಳಿದ್ದರಲ್ಲಿ ಸುಳ್ಳು ಏನಿತ್ತು? ಏನೂ ಇರಲಿಲ್ಲ.

ಕಲ್ಲು ಎತ್ತಿನ ಗಾಡಿ ಏರಿ ಊರ ಬೀದಿಯಲ್ಲಿ ಹೊರಟಿತು. ಜಗಲಿಜಗಲಿಯಿಂದ ಜನ ನೋಡಿದರು. "ಏನ್ ಕಲ್ಲಲಾ ಅದು?" ಅಂತ ಒಬ್ಬರು, "ಅವರಪ್ಪ ಎತ್ತಿಟ್ಟಿದ್ನಂತೆ ಕಣ್ಲಾ" ಅಂತ ಇನ್ನೊಬ್ಬರು. ಗಾಡಿಯ ಹಿಂದೆ ನಾನು ತಲೆತಗ್ಗಿಸಿಕೊಂಡು ನಡೆದೆ. ಹಳೆಯ ಗುಂಡಿ ಎಲ್ಲಿ ಸಿಕ್ಕಿತು ಗೊತ್ತೇ? ಜೊಂಡಿನ ಮೂಲೆಯ ತುದಿಗೆ ಒಟ್ಟಿದ್ದ ನಮ್ಮ ಹುಲ್ಲಿನ ಮೆದೆಯ ಅಡಿಯಲ್ಲಿ. ಮೆದೆಗೆ ಜಾಗ ಸಾಲದೆ ಅಪ್ಪ ಕಲ್ಲು ಕಿತ್ತಿದ್ದನಂತೆ. ಮೆದೆ ಕಿತ್ತು ನಮ್ಮ ಹಿತ್ತಲಿನ ಕರಿಜಾಲಿ ಮರದ ಕೆಳಗೆ ಒಟ್ಟಿದೆವು. ಕಲ್ಲು ನೆಟ್ಟು ಮತ್ತೆ ಅಳತೆ ಶುರುವಾಯಿತು.

ಸಿದ್ದಯ್ಯ ಕಲ್ಲಿನ ಹತ್ತಿರ ಕೂತ. ನಂಜಪ್ಪ ಹಗ್ಗದ ತುದಿ ಹಿಡಿದು ಹಿಂದಕ್ಕೆ ಹಿಂದಕ್ಕೆ ಹೋದ. ಕಲ್ಲುಬೆಂಚು ಹೋಯಿತು. ಕಾರಂಜಿ ಹೋಯಿತು. ಲಾನು ಹೋಯಿತು. ಮನೆಯ ಅರ್ಧವೂ ಹೋಯಿತು. ರಸ್ತೆಯ ಅಂಚಿಗೆ ಒಂದು ಪಟ್ಟಿ ಜಾಗ ಉಳಿಯಿತು, ಅಷ್ಟೆ. ಇನ್ನು ಮಾರಿಕೊಂಡು ಕೊಳ್ಳೇಗಾಲಕ್ಕೆ ಹೋಗುತ್ತಾನೆ ಅಂತ ನಾನು ಉಸಿರು ಹಿಡಿದು ಕಾದೆ.

ಅವನು ಜೊಂಡಿನ ಕಡೆ ನೋಡಿದ. ಎರಡು ಕೊಕ್ಕರೆ ಮೇಲೆದ್ದು ಮತ್ತೆ ಇಳಿದವು. ಅವನು ನಕ್ಕ.

"ಸಾಕು ಬುಡಣ್ಣ. ಅಗ್ಲ ಇಲ್ದಿದ್ರೆ ಏನು, ಎತ್ತರ್ಕೆ ಕಟ್ಟನ. ಈ ಜೊಂಡಿಗಿಂತ ಲಾನು ಬೇಕಾ? ನೀವು ಏಳ್ದಿದ್ರೆ ಇದ್ನ ಆಳ್ಮಾಡ್ಬುಡ್ತಿದ್ದೆ ನೋಡಿ."

ಎತ್ತರಕ್ಕೆ ಅಂದರೆ ಮಹಡಿ. ನಮ್ಮೂರಿನ ಮೊದಲ ಮಹಡಿ ಮನೆ. ಅವನಿಗೆ ಅದು ಹೊಳೆಯುವಂತೆ ಮಾಡಿದವನು ಯಾರು? ನಾನು.

ಮೊನ್ನೆ ಗೃಹಪ್ರವೇಶದಲ್ಲಿ ಒಬ್ಬಟ್ಟಿನ ಊಟವಾದ ಮೇಲೆ ಎಲ್ಲರೂ ಮಹಡಿ ಹತ್ತಿದೆವು. ಪೂರ್ತಿ ಕೆರೆ ಕಣ್ಣಿಗೆ ಬಿತ್ತು. (ನಮ್ಮ ಜಗಲಿಯಿಂದ ಕಾಲುಭಾಗವೂ ಕಾಣುವುದಿಲ್ಲ.) ಛೇರ್ಮನ್ನರು ನಂಜಪ್ಪನಿಗೆ ಹಾರ ಹಾಕಿದರು. "ತಮ್ಮ ಸ್ವಂತ ಜಾಗವನ್ನು ಕೆರೆಗೆ, ಪಕ್ಷಿಸಂಕುಲಕ್ಕೆ ಬಿಟ್ಟುಕೊಟ್ಟ ಮಹಾನುಭಾವರು" ಅಂತ ಭಾಷಣ ಮಾಡಿದರು. ಚಪ್ಪಾಳೆ. ನನ್ನ ಹೆಸರೂ ಬಂತು. "ಆ ಕಲ್ಲು ಸಿಕ್ಕಿದ್ದು ಇವರ ಮನೆಯಲ್ಲಿ" ಅಂದರು. ಅದಕ್ಕೂ ಚಪ್ಪಾಳೆ.

ಕೆಳಗೆ ಹಿತ್ತಲಲ್ಲಿ ಅಕ್ಕತಂಗಿಯರ ನಗು ಕೇಳಿಸುತ್ತಿತ್ತು. ನಂಜಪ್ಪ ಹಾಕಿಸಿರುವ ಹೊಸ ಒಗೆಯುವ ಕಲ್ಲಿನ ಮೇಲೆ ಇಬ್ಬರೂ ಕೂತು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದರು. ನಮ್ಮ ಮನೆಯ ಬಟ್ಟೆಯೂ ಈಗ ಅಲ್ಲೇ ಒಗೆಯುವುದು. ನಮ್ಮದನ್ನು ಕೆರೆಗೆ ಕೊಟ್ಟಾಯಿತಲ್ಲ. ನನ್ನ ಹೆಂಡತಿ ಅಷ್ಟು ಗಟ್ಟಿಯಾಗಿ ನಗುತ್ತಾಳೆ ಅಂತ ನನಗೆ ಗೊತ್ತಿರಲಿಲ್ಲ. ಕೇಳಿ ಒಂದು ಗಳಿಗೆ ನನಗೂ ಹಿತವಾಯಿತು. ಒಂದೇ ಗಳಿಗೆ.

"ಅಣ್ಣ, ಬನ್ನಿ ಇಲ್ಲಿ," ಅಂತ ನಂಜಪ್ಪ ಕೈ ಹಿಡಿದು ಮಹಡಿಯ ತುದಿಗೆ ಕರೆದುಕೊಂಡು ಹೋದ. ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಅವನ ಜಾಗದ ಕರಿಜಾಲಿ ಮರ. ಅದರ ಕೊಂಬೆಯಲ್ಲಿ ಕಡ್ಡಿ ಜೋಡಿಸುತ್ತಿರುವ ಒಂದು ಜೊತೆ ಕೊಕ್ಕರೆ. ಈ ಜೊತೆ ನಮ್ಮದೇ. ವರ್ಷವೂ ನಮ್ಮ ಹಿತ್ತಲಿನ ಮರದಲ್ಲೇ ಗೂಡು ಕಟ್ಟುತ್ತಿದ್ದದ್ದು. ಈಗ ಆ ಮರದ ಕೆಳಗೆ ಹುಲ್ಲಿನ ಮೆದೆ ಬಂದು, ದಿನಾ ಹುಲ್ಲು ಹಿರಿಯುವವರ ಗದ್ದಲ ಹೆಚ್ಚಾಗಿ, ಅಲ್ಲಿಂದ ಎದ್ದು ಇಲ್ಲಿಗೆ ಬಂದಿವೆ.

ಹೆಂಡತಿಯ ಮುನಿಸು ಕಟ್ಟಿಕೊಂಡು, ಅಪ್ಪನ ಹೆಸರು ಬೀದಿಗೆ ಹಾಕಿ ಅವುಗಳ ಜೊಂಡು ಉಳಿಸಿದವನು ನಾನು. ನೀವೇ ಹೇಳಿ, ಆ ಕೊಕ್ಕರೆಗೂ ಅವನೇ ಬೇಕಾಯಿತೇ?