ಭಂಡಾರ ಕುಡಿದ ಕಾರು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ನಮ್ಮ ಅತ್ತೆಯ ಹಠ ಅದಕ್ಕಿಂತ ಒಂದು ಗೇಣು ಮೇಲೆ. ಇಬ್ಬರೂ ಒಂದೇ ಅಡುಗೆಮನೆಯಲ್ಲಿ ಇಷ್ಟು ವರ್ಷ ಬಾಳಿದ್ದೇವೆ ಅಂದರೆ ಅದರಲ್ಲಿ ನಮ್ಮ ಮನೆಯವರ ಪಾತ್ರ ಏನೂ ಇಲ್ಲ. ಅವರು ಗಿಣಿಗೇರಾದ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾರೆ, ಅಲ್ಲೇ ರೂಮು ಮಾಡಿಕೊಂಡು ವಾರದ ರಜೆಗೆ ಮಾತ್ರ ಕುಷ್ಟಗಿಗೆ ಬರುತ್ತಾರೆ. ಹಾಗಾಗಿ ಮನೆಯ ಹಳೇ ಕಾರಿಗೆ ಡ್ರೈವರ್ ನಾನೇ. ಸಂತೆಗೂ ನಾನೇ, ಆಸ್ಪತ್ರೆಗೂ ನಾನೇ, ಅತ್ತೆಯ ದೇವರುಗಳಿಗೂ ನಾನೇ.

ಆ ಬೇಸಿಗೆಯಲ್ಲಿ ನಾದಿನಿ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಕಾಲು ಬಾತುಕೊಂಡಿದ್ದವು, ಬಿಪಿ ಒಂದು ದಿನ ಇದ್ದಂತೆ ಇನ್ನೊಂದು ದಿನ ಇರುತ್ತಿರಲಿಲ್ಲ. ಕೊಪ್ಪಳದ ಡಾಕ್ಟರಮ್ಮ ಸ್ಪಷ್ಟವಾಗಿ ಹೇಳಿದ್ದರು: ನೋವು ಶುರುವಾದ ಕೂಡಲೇ ಹೊರಟು ಬನ್ನಿ, ದಾರಿಯಲ್ಲಿ ಎಲ್ಲೂ ತಡ ಮಾಡಬೇಡಿ. ಕುಷ್ಟಗಿಯಿಂದ ಕೊಪ್ಪಳ ಗಂಟೆಗೂ ಮೇಲಿನ ದಾರಿ. ಆ ದಿನದಿಂದ ಕಾರಿನ ಮೇಲೆ ಒಂದು ಕಣ್ಣು, ಅವಳ ಹೊಟ್ಟೆಯ ಮೇಲೆ ಒಂದು ಕಣ್ಣು ಇಟ್ಟುಕೊಂಡೇ ನಾನು ಓಡಾಡುತ್ತಿದ್ದೆ.

ಮಗಳ ಹೆರಿಗೆ ಸುಸೂತ್ರವಾಗಲಿ ಅಂತ ಅತ್ತೆ ಹುಲಿಗೆಮ್ಮನಿಗೆ ಹರಕೆ ಹೊತ್ತಿದ್ದರು. ಒಂದು ಮಂಗಳವಾರ ನಾದಿನಿಯನ್ನು ಪಕ್ಕದ ಮನೆಯವರ ಸುಪರ್ದಿಗೆ ಬಿಟ್ಟು ನಾವಿಬ್ಬರೇ ಹುಲಿಗಿಗೆ ಹೋದೆವು. ಹೊಳೆಯಲ್ಲಿ ಕಾಲು ತೊಳೆದು, ದರ್ಶನ ಮಾಡಿ, ಮಗಳ ಹಣೆಗೆ ಹಚ್ಚಲು ಒಂದು ಚೀಲ ಭಂಡಾರ, ಅಂದರೆ ಅಮ್ಮನ ಅರಿಶಿಣ ಪುಡಿ, ಕಟ್ಟಿಸಿಕೊಂಡು ಹೊರಟಿದ್ದೆವು. ಗಿಣಿಗೇರಾ ಹತ್ತಿರ ಬರುತ್ತಿದ್ದಂತೆ ಬಾನೆಟ್ಟಿನಿಂದ ಬುಸ್ ಅಂತ ಹಬೆ ಎದ್ದಿತು. ಅಲ್ಲೇ ಕಾರ್ಖಾನೆಯಲ್ಲಿದ್ದ ನಮ್ಮ ಮನೆಯವರಿಗೆ ಫೋನ್ ಮಾಡಿದೆ; ಪಾಳಿಯಲ್ಲಿದ್ದರು, ಎತ್ತಲಿಲ್ಲ.

ರಸ್ತೆ ಬದಿಯ ಚಹಾದಂಗಡಿಯಲ್ಲಿ ಕುಳಿತಿದ್ದ ಲಾರಿ ಡ್ರೈವರೊಬ್ಬ ತಾನಾಗಿ ಎದ್ದು ಬಂದ. ಇಂಜಿನ್ ತಣ್ಣಗಾಗುವವರೆಗೆ ಕಾದು, ಬಟ್ಟೆ ಸುತ್ತಿ ಮುಚ್ಚಳ ತೆಗೆದು, ಬಗ್ಗಿ ನೋಡಿದ.

“ರೇಡಿಯೇಟರ್ ಸಣ್ಣಗ ಬಿರುಕು ಬಿಟ್ಟೈತ್ರಿ. ಅಕ್ಕಾರ, ನಿಮ್ಮ ಹತ್ರ ಅರಿಶಿಣ ಐತೇನ್ರಿ?”

ನಾನು ನಕ್ಕುಬಿಟ್ಟೆ. “ಯಾಕ್ರಿ, ಗಾಡಿಗೆ ಮದುವಿ ಅರಿಶಿಣ ಹಚ್ಚಿ ಸುರಿಗಿ ಸುತ್ತತೀರೇನು?”

“ನಗಬ್ಯಾಡ್ರಿ. ಒಂದು ಹಿಡಿ ಹಾಕಿದ್ರ ಬಿರುಕಿನ್ಯಾಗ ಹೋಗಿ ಕುಂದರತೈತಿ. ಊರು ಮುಟ್ಟೋತನಕ ಚಿಂತಿಲ್ಲ. ಆಮ್ಯಾಲ ಹೊಸಾದು ಹಾಕಿಸಿಬಿಡ್ರಿ.”

ನಾನು ಅತ್ತೆಯ ಚೀಲದ ಕಡೆ ನೋಡಿದೆ. ಅವರು ಚೀಲವನ್ನು ಎದೆಗೆ ಒತ್ತಿಕೊಂಡರು. ಬಿಸಿಲು ಸುರಿಯುತ್ತಿತ್ತು, ಮನೆಯಲ್ಲಿ ತುಂಬು ಬಸುರಿ ಕಾಯುತ್ತಿದ್ದಳು. ಕೊನೆಗೆ ಮಗಳ ಹಣೆಗೆಂದು ಒಂದು ಚಿಟಿಕೆ ಸೆರಗಿನ ತುದಿಗೆ ಗಂಟು ಕಟ್ಟಿಕೊಂಡು, “ಉಧೋ ಉಧೋ” ಅನ್ನುತ್ತ ತಮ್ಮ ಕೈಯಾರೆ ಭಂಡಾರವನ್ನು ರೇಡಿಯೇಟರಿಗೆ ಹಾಕಿದರು. ಮೇಲೆ ಚಹಾದಂಗಡಿಯ ನೀರು ಸುರಿದೆವು. ಕಾರು ಒಂದು ಹನಿ ಸೋರದೆ ಕುಷ್ಟಗಿ ಮುಟ್ಟಿತು.

ಸಂಜೆಯ ಹೊತ್ತಿಗೆ ಓಣಿಗೆಲ್ಲ ಸುದ್ದಿ. “ಅಮ್ಮ ಬಿರುಕು ಮುಚ್ಚ್ಯಾಳ” ಅಂತ ಅತ್ತೆ ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು. ಡ್ರೈವರ್ ಹೇಳಿದ ಕೊನೆಯ ಮಾತು ಮಾತ್ರ ಅವರ ಕಿವಿಗೆ ಬಿದ್ದಂತಿರಲಿಲ್ಲ.

ಊರೊಳಗೆ ಓಡಿಸುವಾಗ ತೊಂದರೆ ಇರಲಿಲ್ಲ. ಆದರೆ ಹೈವೇಗೆ ಹೋಗಿ ಸ್ವಲ್ಪ ವೇಗ ಕೊಟ್ಟರೆ ಬಿಸಿ ತೋರಿಸುವ ಮುಳ್ಳು ಮೆಲ್ಲಗೆ ಮೇಲೇರುತ್ತಿತ್ತು. ಹೊಸ ರೇಡಿಯೇಟರ್ ಹಾಕಿಸಬೇಕು ಅಂದೆ.

“ಅಮ್ಮ ಮುಚ್ಚಿದ್ದನ್ನ ನೀ ಬಿಚ್ಚತೀಯೇನು?”

“ಅಮ್ಮ ಹುಲಿಗ್ಯಾಗ ಅದಾಳ್ರಿ ಅತ್ತಿ. ಗ್ಯಾರೇಜ್ ಇಟ್ಟಿಲ್ಲ ಆಕಿ.”

ಮಾತು ಬಾಯಿಂದ ಜಾರಿತು. ಅತ್ತೆಯ ಮುಖ ಸಣ್ಣದಾಯಿತು. ಅವತ್ತಿನಿಂದ ನನ್ನ ಜೊತೆ ಮಾತು ಬಂದ್. ಎದುರಿಗೆ ನಿಂತ ನನ್ನನ್ನು ಬಿಟ್ಟು ಮಗಳಿಗೆ ಹೇಳುವರು: “ನಿಮ್ಮ ವೈನಿಗೆ ಕೇಳು, ಇನ್ನೊಂದು ರೊಟ್ಟಿ ಬೇಕೇನಂತ.” ನಾನೂ ಬಿಡಲಿಲ್ಲ. “ನಿಮ್ಮವ್ವಗ ಹೇಳು, ಸಾಕಂತ.” ನಡುವೆ ಕುಳಿತ ಹುಡುಗಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಒಂದು ಸಂಜೆ ಅವಳು ನಗಲಿಲ್ಲ. ಬಾತ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಮೆಲ್ಲಗೆ ಕೇಳಿದಳು, “ವೈನಿ, ಗಾಡಿ ನಡು ದಾರ್ಯಾಗ ನಿಂತ್ರ ನನ್ನ ಗತಿ ಏನು?” ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತುಹೋಯಿತು.

ಮರುದಿನ ಬೆಳಿಗ್ಗೆ ಅತ್ತೆ ಗೋಡೆಯ ಕಡೆ ಮುಖ ಮಾಡಿ ಹೇಳಿದರು: “ಬಿಚ್ಚು. ಆದ್ರ ಮನ್ಯಾಗ ಬಿಚ್ಚು. ಗ್ಯಾರೇಜಿನವರು ಅಮ್ಮನ ಭಂಡಾರಾನ ಗಟಾರಕ್ಕ ಚೆಲ್ಲತಾರ.”

ಅಷ್ಟಕ್ಕೆ ನಾನು ಮೆಕ್ಯಾನಿಕ್ ಆದೆ. ಅಲ್ಲಿಯವರೆಗೆ ನಾನು ಬಿಚ್ಚಿದ್ದ ಅತಿ ದೊಡ್ಡ ಯಂತ್ರ ಮಿಕ್ಸರ್. ಮೊಬೈಲಿನಲ್ಲಿ ವಿಡಿಯೋ ಹಾಕಿಕೊಂಡು, ನಿಲ್ಲಿಸಿ, ಹಿಂದೆ ಹೋಗಿ, ಮತ್ತೆ ನೋಡಿ, ಪಾಠ ಕಲಿತೆ. ನಮ್ಮ ಮನೆಯವರಿಗೆ ಫೋನ್ ಮಾಡಿ ಕೊಪ್ಪಳದಲ್ಲಿ ರೇಡಿಯೇಟರ್ ತರಲು ಹೇಳಿದೆ. ಅವರು ರಜೆಗೆ ಬರುವಾಗ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಕೂಸಿನಂತೆ ಕೂಡಿಸಿಕೊಂಡು ಬಂದರು. ಕಂಡಕ್ಟರ್ ಅದಕ್ಕೂ ಲಗೇಜ್ ಟಿಕೆಟ್ ಹರಿದಿದ್ದ. “ಒಬ್ಬ ಮಿಸ್ತ್ರೀನ ಕರಿಸಿದ್ರ ಆಗ್ತಿತ್ತು” ಅಂತ ಅವರು ಬಾಯಿ ತೆರೆದರು. ನಾನೂ ಅತ್ತೆಯೂ ಒಟ್ಟಿಗೇ ಅವರ ಕಡೆ ತಿರುಗಿ ನೋಡಿದೆವು. ಅವರು ಬಾಯಿ ಮುಚ್ಚಿದರು.

ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗಲೇ ಅಂಗಳದಲ್ಲಿ ಕೆಲಸ ಶುರು ಮಾಡಿದೆ. ಬ್ಯಾಟರಿಯ ತಂತಿ ಬಿಚ್ಚಿ, ನೀರು ಹಿಡಿಯಲು ಕೆಳಗೆ ಸ್ನಾನದ ಬಕೆಟ್ ಇಟ್ಟೆ. ಅತ್ತೆ ಅದನ್ನು ಕಾಲಿನಿಂದ ಆಚೆ ತಳ್ಳಿ, ಬಜಾರಿನಿಂದ ತರಿಸಿದ್ದ ಹೊಸ ಪ್ಲಾಸ್ಟಿಕ್ ಟಬ್ ತಂದಿಟ್ಟರು. ಕೆಳಗಿನ ರಬ್ಬರ್ ಪೈಪಿನ ಕ್ಲಿಪ್ಪನ್ನು ಪಕ್ಕಡದ ಬಾಯಲ್ಲಿ ಹಿಡಿದು ಹಿಂದಕ್ಕೆ ಸರಿಸಿ ಪೈಪು ಎಳೆದೆ. ಭಂಡಾರದ ನೀರು ದಪ್ಪಗೆ, ಹಳದಿಯಾಗಿ ಇಳಿಯಿತು. ಅತ್ತೆ ತಲೆಯ ಮೇಲೆ ಸೆರಗು ಹೊದ್ದು ಕೈ ಮುಗಿದರು. ಆ ನೀರನ್ನು ಗಿಡದ ಬುಡಕ್ಕೆ ಹಾಕಲು ಹೊರಟಾಗ ನಾನು ತಡೆದೆ. ಅದರಲ್ಲಿ ಇಂಜಿನ್ ತಂಪು ಮಾಡುವ ಹಳೇ ಕೂಲಂಟ್ ಇದೆ, ವಿಷ, ನಾಯಿ ನೆಕ್ಕಿದರೂ ಸಾಯುತ್ತದೆ ಅಂದೆ. ಅವರು ಅಂಗಳಕ್ಕೆ ಒಂದು ಸುತ್ತು ಹಾಕಿ, ಯಾರೂ ತುಳಿಯದ ಕಾಂಪೌಂಡಿನ ಮೂಲೆ ತೋರಿಸಿದರು. ರಜೆಗೆ ಬಂದಿದ್ದ ಮಗನಿಂದ ಆಳವಾಗಿ ಗುಂಡಿ ತೋಡಿಸಿ, ಅದರಲ್ಲಿ ಸುರಿಸಿ, ಮಣ್ಣು ಮುಚ್ಚಿಸಿ, ಮೇಲೊಂದು ಕಲ್ಲು ಇಡಿಸಿದರು.

ಫ್ಯಾನು ಬಿಚ್ಚಿ, ಮೇಲಿನ ಬೋಲ್ಟುಗಳನ್ನು ಪಾನಾ ಹಾಕಿ ತಿರುಗಿಸಿ, ಹಳೇ ರೇಡಿಯೇಟರನ್ನು ಮೇಲಕ್ಕೆತ್ತಿದೆ. ಅದರ ಬಾಯಲ್ಲಿ ಬಿಳಿ ಹರಳು ಕಟ್ಟಿತ್ತು. ನೀರು ಕಡಿಮೆಯಾದಾಗಲೆಲ್ಲ ನಾವು ಸುರಿದಿದ್ದು ಬೋರಿನ ಸವಳು ನೀರೇ ಅಲ್ಲವೇ, ಹಂಡೆಯಲ್ಲಿ ಕಟ್ಟುವುದು ಇಲ್ಲಿಯೂ ಕಟ್ಟಿತ್ತು. ಅತ್ತೆ ಉಗುರಿನಿಂದ ಕೆರೆದು ನೋಡಿದರು.

“ಇದು ನಮ್ಮ ನೀರಿಂದೇನು?” ಎಷ್ಟೋ ದಿನದ ಮೇಲೆ ನೇರವಾಗಿ ನನ್ನನ್ನೇ ಕೇಳಿದ್ದರು.

“ಹೂನ್ರಿ ಅತ್ತಿ.”

“ಹಂಗಾರ ನನ್ನ ಮೊಣಕಾಲಾಗ ಏನೇನ್ ಕುಂತೈತೋ ಯವ್ವಾ.”

ನನಗೆ ನಗು ತಡೆಯಲಾಗಲಿಲ್ಲ. ಅವರು ನಗಲಿಲ್ಲ, ಆದರೆ ಎದ್ದೂ ಹೋಗಲಿಲ್ಲ.

ಹೊಸದನ್ನು ಕೂಡಿಸಿ, ಪೈಪುಗಳನ್ನು ಸಿಕ್ಕಿಸಿ, ಕ್ಲಿಪ್ಪುಗಳನ್ನು ಬಿಗಿದು, ಡಬ್ಬಿಯ ಹೊಸ ಕೂಲಂಟ್ ತುಂಬಿದೆ. ಬ್ಯಾಟರಿ ಜೋಡಿಸಿ, ಒಳಗಿನ ಗಾಳಿ ಹೋಗಲೆಂದು ಮುಚ್ಚಳ ತೆಗೆದಿಟ್ಟೇ ಕಾರು ಚಾಲೂ ಮಾಡಿದೆ. ಗುಳ್ಳೆಗಳು ಎದ್ದವು. ಮುಳ್ಳು ನಡುವಿಗೆ ಬಂತು, ಅದನ್ನೂ ದಾಟಿತು. ಫ್ಯಾನು ತಿರುಗಲೇ ಇಲ್ಲ. “ನಾ ಹೇಳಿದ್ನಿಲ್ಲೋ” ಅಂತ ಹಿಂದಿನಿಂದ ನಮ್ಮ ಮನೆಯವರ ದನಿ ಬಂತು. ಇಂಜಿನ್ ಆರಿಸಿ, ಅವರ ಕಡೆ ಒಂದು ನೋಟ ಎಸೆದು, ಎಲ್ಲವೂ ಪೂರ್ತಿ ತಣ್ಣಗಾಗುವವರೆಗೆ ಹಲ್ಲು ಕಚ್ಚಿ ಕುಳಿತೆ. ಆಮೇಲೆ ಒಂದೊಂದೇ ತಡವಿ ನೋಡಿದರೆ, ಫ್ಯಾನಿನ ತಂತಿಯ ಪ್ಲಗ್ಗನ್ನು ನಾನು ಅರ್ಧ ಮಾತ್ರ ಒತ್ತಿದ್ದೆ. ಒತ್ತಿದಾಗ ಟಕ್ ಅಂದಿತು. ಮತ್ತೆ ಕೂಲಂಟ್ ತುಂಬಿ ಚಾಲೂ ಮಾಡಿದೆ. ಮುಳ್ಳು ನಡುವಿಗೆ ಬಂದು ನಿಂತಿತು, ಫ್ಯಾನು ಗುಂಯ್ ಅಂತ ತಿರುಗಿತು. ಸುಳ್ಳು ಯಾಕೆ ಹೇಳಲಿ, ನನಗೆ ಕಣ್ಣಲ್ಲಿ ನೀರು ಬಂತು. ನಾದಿನಿ ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿದಳು.

ಅತ್ತೆ ಎದ್ದು ಒಳಗೆ ಹೋದರು. ಛಲೋ ಆತು ಅಂತ ಒಂದು ಮಾತು ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು? ನನಗೆ ಬಹಳ ನೋವಾಯಿತು. ಕೈಯ ಮಸಿಯನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ತಿಕ್ಕಿ ತೊಳೆದೆ.

ಕೆಲವೇ ದಿನಗಳಲ್ಲಿ, ಒಂದು ಬೆಳಿಗ್ಗೆ ಇನ್ನೂ ಅಂಗಳಕ್ಕೆ ನೀರು ಹಾಕಿರಲಿಲ್ಲ, ನಾದಿನಿಗೆ ನೋವು ಶುರುವಾಯಿತು. ಮುಂದಿನದನ್ನು ಮೊದಲೇ ಹೇಳಿಬಿಡುತ್ತೇನೆ: ಕೊಪ್ಪಳ ಮುಟ್ಟುವವರೆಗೆ ಮುಳ್ಳು ನಡುವಿನಿಂದ ಅಲುಗಲಿಲ್ಲ, ಮಧ್ಯಾಹ್ನ ಹೆಣ್ಣು ಕೂಸು ಹುಟ್ಟಿತು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಆದರೆ ಆ ದಿನ ಅಂದರೆ ನನಗೆ ನೆನಪಾಗುವುದು ಹೊರಡುವ ಮೊದಲಿನ ಗಳಿಗೆ.

ನಾದಿನಿಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ಚಾವಿ ಹಿಡಿದು ಅತ್ತೆಗಾಗಿ ಕಾಯುತ್ತಿದ್ದೆ. ಊರು ಬಿಡುವ ಮುಂಚೆ ಅವರು ಒಳಗಿನ ದೇವರ ಜಗಲಿಯ ಮುಂದೆ ನಿಲ್ಲದೆ ಹೊಸ್ತಿಲು ದಾಟಿದವರಲ್ಲ. ತಡವಾಗುತ್ತದೆ ಅಂತ ನನ್ನ ಸಿಟ್ಟು ಆಗಲೇ ಏರತೊಡಗಿತ್ತು. ಅವರು ದೇವರ ಕಡೆ ಹೋಗಲಿಲ್ಲ. ನೇರವಾಗಿ ಕಾರಿನ ಮುಂದೆ ಬಂದು, ಬಂಪರ್ ಹಿಡಿದುಕೊಂಡು, ಮಡಚಲಾಗದ ಮೊಣಕಾಲು ಮಡಚಿ ನೆಲಕ್ಕೆ ಕುಳಿತರು. ಕೈಯನ್ನು ಕಾರಿನ ಕೆಳಗೆ ತೂರಿಸಿ ಅಲ್ಲಿನ ಮಣ್ಣನ್ನು ತಡವಿದರು. ಅಂಗೈಯನ್ನು ಬೆಳಕಿಗೆ ಹಿಡಿದು ನೋಡಿದರು, ಮೂಸಿದರು, ಸೀರೆಗೆ ಒರೆಸಿಕೊಂಡರು. ನಾನು ರಟ್ಟೆ ಹಿಡಿದು ಎಬ್ಬಿಸಿದೆ.

“ಒಂದು ಹನಿ ಇಲ್ಲ” ಅಂದರು. “ನಡಿ ಯವ್ವಾ. ನನ್ನ ಮಗಳು ನಿನ್ನ ಕೈಯಾಗ ಅದಾಳ.”