ಸ್ಟೀಲ್ ಪೈಪಿನ ಮೇಲೆ ಕಂದು ಚುಕ್ಕೆ

ಆ ದಿನ ಉಗ್ರಾಣದ ಬೀಗ ತೆಗೆದಾಗ ಬೆಳಿಗ್ಗೆ ಎಂಟೂವರೆ. ಹನ್ನೊಂದಕ್ಕೆ ಒಂದು ಆಸ್ಪತ್ರೆಯ ಎಂಜಿನಿಯರ್ ಬರುವವರಿದ್ದರು. ಅವರ ಡಯಾಲಿಸಿಸ್ ವಿಭಾಗಕ್ಕೆ ಶುದ್ಧ ನೀರು ಸಾಗಿಸುವ ಸ್ಟೇನ್‌ಲೆಸ್ ಸ್ಟೀಲ್ ಪೈಪುಗಳನ್ನು ನಾವು ವೆಲ್ಡ್ ಮಾಡಿ ಕೊಡಬೇಕಿತ್ತು. ಅದಕ್ಕೆ ಮೊದಲು ಅವರು ಮಾಲು ನೋಡಬೇಕಿತ್ತು. ಇಲವಾಲದ ಆಚೆ, ಹುಣಸೂರು ರಸ್ತೆಯ ಪಕ್ಕದ ನಮ್ಮ ವೆಲ್ಡಿಂಗ್ ಶೆಡ್ಡಿನಲ್ಲಿ ಉಗ್ರಾಣ ನನ್ನ ಜವಾಬ್ದಾರಿ. ತಾತ ಅರಮನೆಯಲ್ಲಿ ಪುಸ್ತಕ ಕಾಯುತ್ತಿದ್ದರು, ಮೊಮ್ಮಗಳು ಕಬ್ಬಿಣ ಕಾಯುತ್ತಾಳೆ ಎಂದು ಮನೆಯಲ್ಲಿ ತಮಾಷೆ ಮಾಡುತ್ತಿದ್ದರು.

ಪೈಪುಗಳ ಮೇಲಿನ ಪ್ಲಾಸ್ಟಿಕ್ ಹೊದಿಕೆ ಸರಿಸಿದೆ. ಅದರ ಒಳಮೈಯೆಲ್ಲ ಬೆವರಿತ್ತು. ಕೆಳಗೆ, ಹೊಳೆಯಬೇಕಾದ ಪೈಪುಗಳ ಮೇಲೆ ಸಾಸಿವೆ ಕಾಳಿನಂಥ ಕಂದು ಚುಕ್ಕೆಗಳು. ಉಜ್ಜಿ ನೋಡಿದೆ. ಬೆರಳಿಗೆ ತುಕ್ಕು ಅಂಟಿತು.

ಹೇಗಾಯಿತೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಮೂರು ವಾರದ ಹಿಂದೆ ಮಾಲು ಬಂದಾಗ ಜಾಗವಿಲ್ಲವೆಂದು ಕಬ್ಬಿಣದ ಸ್ಟ್ಯಾಂಡಿನ ಮೇಲೆ ಇಡಿಸಿದವಳು ನಾನೇ. ಅದರ ಪಕ್ಕದಲ್ಲೇ ಕಬ್ಬಿಣದ ಗೇಟುಗಳನ್ನು ಗ್ರೈಂಡ್ ಮಾಡುತ್ತಿದ್ದರು. ಸುತ್ತಲಿನ ಹಳ್ಳಿಯ ಬೇಸಾಯದ ಮನೆಯಿಂದ ಬಂದ ನಮ್ಮ ಹಿರಿಯ ವೆಲ್ಡರ್ ಆಗಲೇ ಎಚ್ಚರಿಸಿದ್ದರು. ಕಬ್ಬಿಣದ ಪುಡಿ ಕೂತು ತೇವವಾದರೆ ಸ್ಟೇನ್‌ಲೆಸ್ಸಿಗೂ ತುಕ್ಕು ಬರುತ್ತದೆ, ಅಡಿಗೆ ಮರದ ಹಲಗೆ ಕೊಡಿ, ಗಾಳಿಯಾಡಲಿ ಎಂದಿದ್ದರು. ಪ್ಲಾಸ್ಟಿಕ್ ಮುಚ್ಚಿದ್ದೇನಲ್ಲ ಎಂದು ನಾನು ಕಿವಿಗೆ ಹಾಕಿಕೊಂಡಿರಲಿಲ್ಲ.

ಮಾಲೀಕರು ಬಂದು ನೋಡಿದರು. ಮುಖ ಬಿಗಿಯಿತು, ಆದರೆ ಬೈಯಲಿಲ್ಲ.

"ತಂತಿ ಬ್ರಷ್‌ನಲ್ಲಿ ಉಜ್ಜಿಸ್ಬಿಡಿ. ಅವರು ಬರೋದ್ರೊಳಗೆ ಪಳಪಳ ಅನ್ಬೇಕು. ಈ ವಿಷಯ ಎತ್ತೋದೇ ಬೇಡ."

ನಾನು ಬ್ರಷ್ ಎತ್ತಿಕೊಂಡದ್ದು ನಿಜ. ಎರಡು ಸಲ ಉಜ್ಜಿಯೂ ಬಿಟ್ಟೆ. ಅಷ್ಟರಲ್ಲಿ ವೆಲ್ಡರ್ ಪಕ್ಕಕ್ಕೆ ಬಂದರು.

"ಆ ಬ್ರಷ್ಷೂ ಕಬ್ಬಿಣದ್ದೇ ಕಣ್ರಮ್ಮ. ತುಕ್ಕು ಇವತ್ತು ಒಂಟೋಯ್ತದೆ, ವಾರಕ್ಕೆ ತಿರ್ಗಾ ಬತ್ತದೆ. ಆ ನೀರು ಓಗೋದು ಕಾಯ್ಲೆ ಜನದ ತಾವ್ಕೆ."

ಬ್ರಷ್ ಕೆಳಗಿಟ್ಟೆ.

ಎಂಜಿನಿಯರ್ ಕಾಲು ಗಂಟೆ ಮುಂಚೆಯೇ ಬಂದರು. ನನ್ನದೇ ವಯಸ್ಸಿನ ಹೆಂಗಸು. ಮಾಲೀಕರು ಕಾಫಿಗೆಂದು ಅವರನ್ನು ಆಫೀಸಿನತ್ತ ಕರೆದೊಯ್ಯುತ್ತಿದ್ದಾಗ ನಾನು ಅಡ್ಡ ನಿಂತೆ.

"ಮೇಡಂ, ಪೈಪಿನ ಮೇಲೆ ತುಕ್ಕಿದೆ. ತಪ್ಪು ಜಾಗದಲ್ಲಿ ಇಡ್ಸಿದ್ದು ನಾನೇ."

ಮಾಲೀಕರು ನನ್ನನ್ನೇ ನೋಡುತ್ತಿದ್ದರು. ನಾನು ಅವರತ್ತ ನೋಡಲಿಲ್ಲ. ಆಕೆ ಟಾರ್ಚ್ ತೆಗೆದು ಸ್ಟ್ಯಾಂಡಿನ ಬಳಿ ಕೂತು, ಅಡಿಯಿಂದ ಒಂದು ಕ್ಯಾನು ಎಳೆದು ಇದೇನು ಎಂದು ಕೇಳಿದರು. ನೆಲ ತೊಳೆಯುವ ಆಸಿಡ್. ಅದೂ ನಾನೇ ಇಡಿಸಿದ್ದು. ಅದರ ಹೊಗೆ ತಗುಲಿ ಕೆಳಸಾಲಿನ ಏಳು ಪೈಪುಗಳಲ್ಲಿ ಸಣ್ಣ ಗುಳಿಗಳು ಬಿದ್ದಿದ್ದವು. ಅವನ್ನು ಬೇರೆ ತೆಗೆಸಿ, ಮಿಕ್ಕವುಗಳಲ್ಲಿ ಒಂದನ್ನು ಸರಿಯಾದ ಕ್ರಮದಲ್ಲಿ ತೊಳೆದು ತೋರಿಸಿ ಎಂದರು.

ವೆಲ್ಡರ್ ಮುಖಕ್ಕೆ ಗವಸು, ಕೈಗೆ ರಬ್ಬರ್ ಗ್ಲೌಸು ಹಾಕಿಕೊಂಡು ತುಕ್ಕು ತೆಗೆಯುವ ಪೇಸ್ಟ್ ಹಚ್ಚಿದರು. ಆಮೇಲೆ ತುಂಬಾ ನೀರಿನಲ್ಲಿ ತೊಳೆದು ಒದ್ದೆ ಬಟ್ಟೆ ಸುತ್ತಿಟ್ಟರು. ಕಬ್ಬಿಣ ಉಳಿದಿದ್ದರೆ ಬಟ್ಟೆಗೆ ಕಂದು ಹತ್ತಬೇಕು. ಮಧ್ಯಾಹ್ನದವರೆಗೂ ಕಾಯಬೇಕು ಎಂದರು ಎಂಜಿನಿಯರ್. ತಗಡಿನ ಮೇಲೆ ಮಳೆ ಸುರಿಯುತ್ತಿತ್ತು. ಯಾರೂ ಊಟದ ಡಬ್ಬಿ ಬಿಚ್ಚಲಿಲ್ಲ. ಕೆಲಸ ಹೋದರೆ ಮನೆಯಲ್ಲಿ ಹೇಗೆ ಹೇಳುವುದು ಎಂದೇ ಯೋಚಿಸುತ್ತಿದ್ದೆ.

ಮೂರು ಗಂಟೆಗೆ ಆಕೆಯೇ ಬಟ್ಟೆ ಬಿಚ್ಚಿದರು. ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಬಟ್ಟೆ ಬೆಳ್ಳಗಿತ್ತು.

"ಉಳಿದಿದ್ದೆಲ್ಲಾ ಹೀಗೇ ಮಾಡಿ. ನಾಡಿದ್ದು ಬಂದು ಒಂದೊಂದೇ ನೋಡ್ತೀನಿ. ಆ ಏಳು ಬೇಡ."

ಎರಡು ದಿನ ಮಾಲೀಕರು ನನ್ನೊಡನೆ ಮಾತಾಡಲಿಲ್ಲ. ನಾನೂ ವೆಲ್ಡರೂ ತೊಳೆದೆವು, ಒರೆಸಿದೆವು, ಪೈಪುಗಳ ಬಾಯಿಗೆ ಮುಚ್ಚಳ ಹಾಕಿ ಮರದ ಹಲಗೆಗಳ ಮೇಲೆ ಜೋಡಿಸಿದೆವು. ಮೂರನೆಯ ದಿನ ಎಂಜಿನಿಯರ್ ಎಲ್ಲಕ್ಕೂ ಒಪ್ಪಿಗೆ ಕೊಟ್ಟು ಹೋದ ಮೇಲೆ ಮಾಲೀಕರು ಉಗ್ರಾಣಕ್ಕೆ ಬಂದು, ಗ್ರೈಂಡಿಂಗನ್ನು ಎಷ್ಟು ದೂರ ಸಾಗಿಸಬೇಕು ಎಂದು ಕೇಳಿದರು. ನಾನು ವೆಲ್ಡರ್ ಕಡೆ ನೋಡಿದೆ. ದೂರ ಇಟ್ಟರಷ್ಟೇ ಸಾಲದು, ನಡುವೆ ಗೋಡೆ ಬೇಕು ಎಂದರು ಅವರು. ಆ ತಿಂಗಳೇ ಗೋಡೆ ಎದ್ದಿತು.