ಮಾರುಸಾಳ ಪಾರಿವಾಳದ ಗೋಡೆ

ನಮ್ಮ ಟೀನೊಸ್ ದ್ವೀಪದ ಗಾಳಿ ಎಂಥದೆಂದರೆ, ಪಾದ್ರಿಗಳ ಗಡ್ಡ ಅವರಿಗಿಂತ ಅರ್ಧ ಗಳಿಗೆ ಮೊದಲೇ ಚರ್ಚು ಸೇರುತ್ತದೆ. ಅಂಥ ಗಾಳಿಗೂ ಮತ್ತೆಯೊಸ್ ಮೇಸ್ತ್ರಿ ಕಟ್ಟಿದ ಗೋಡೆಯ ಒಂದು ಚಪ್ಪಡಿಯೂ ಅಲುಗಿದ್ದಿಲ್ಲ. ಅವನ ಹೆಸರು ಕೇಳಿದರೆ ಕಲ್ಲು ತಾನಾಗಿ ಎದ್ದು ತನ್ನ ಜಾಗದಲ್ಲಿ ಕೂರುತ್ತದೆ ಎಂದು ಕಾಫಿ ಅಂಗಡಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಅರ್ಧದಷ್ಟು ನಿಜ.

ಅವನ ತಂಗಿ ಮಾರುಸಾ ಮದುವೆಯಾಗಲಿಲ್ಲ. ಮದುವೆಗೆಂದು ಅಪ್ಪ ಬರೆದಿಟ್ಟಿದ್ದ ಪಾರಿವಾಳದ ಗೋಪುರ ಮಾತ್ರ ಅವಳಿಗೆ ಉಳಿಯಿತು. ಕೆಳಗೆ ಗುದ್ದಲಿ, ಬುಟ್ಟಿ ಇಡುವ ಕೋಣೆ. ಮೇಲೆ ಚಪ್ಪಡಿಗಳನ್ನು ಸೂರ್ಯನ ಹಾಗೆ, ತ್ರಿಕೋನದ ಹಾಗೆ ನಿಲ್ಲಿಸಿ ನಡುನಡುವೆ ಗೂಡು ಬಿಟ್ಟ ಗೋಡೆ. ನಮ್ಮ ಅಜ್ಜಂದಿರು ಪಾರಿವಾಳ ಸಾಕಿದ್ದು ಸಾರು ಮಾಡಲು ಮತ್ತು ಗೊಬ್ಬರಕ್ಕೆ. ಮಾರುಸಾ ಒಂದನ್ನೂ ಪಾತ್ರೆಗೆ ಹಾಕಿದವಳಲ್ಲ. ಅವು ಒಟ್ಟಿಗೆ ಮೇಲೆದ್ದರೆ ನಾವು ನಡುಮಧ್ಯಾಹ್ನ ದೀಪ ಹಚ್ಚಬೇಕಾಗುತ್ತಿತ್ತು.

ಹೀಗಿರಲು ಅಥೆನ್ಸಿನಿಂದ ನಕ್ಷೆ ಹಿಡಿದು ಲಿಡಿಯಾ ಎಂಬವಳು ಬಂದಳು. ಮೆಟ್ಟಿಲುಮೆಟ್ಟಿಲಾಗಿ ಇಳಿಯುವ ನಮ್ಮ ಹೊಲಗಳ ನಡುವೆ ಹೋಟೆಲು ಕಟ್ಟಬೇಕು, ದೂರದಿಂದ ಅದೂ ಒಂದು ಮೆಟ್ಟಿಲಿನಂತೆ ಕಾಣಬೇಕು, ಮುಂದಿನ ಗೋಡೆ ಪಾರಿವಾಳದ ಗೋಪುರದಂತಿರಬೇಕು ಎಂಬುದು ಅವಳ ಆಸೆ. ನಕ್ಷೆ ಚೆನ್ನಾಗಿಯೇ ಇತ್ತು. ಆದರೆ ಹೊಸ ಚಪ್ಪಡಿ ತೀರ ಹೊಳೆಯುತ್ತಿತ್ತು. ಅವಳಿಗೆ ನೂರು ವರ್ಷ ಬಿಸಿಲುಂಡ ಕಲ್ಲೇ ಬೇಕಿತ್ತು.

ಆ ಕೆಲಸ ಹಿಡಿದಿದ್ದ ಮತ್ತೆಯೊಸ್ ತಂಗಿಯ ಬಳಿ ಹೋದ. ನಾನೂ ಜೊತೆಗಿದ್ದೆ.

“ನಿನ್ನ ಗೋಡೆ ಕೊಡೇ ಮಾರುಸಾ. ಇಲ್ಲಿ ಅದನ್ನ ಕತ್ತೆ ಬಿಟ್ರೆ ಯಾರು ನೋಡ್ತಾರೆ? ಅಲ್ಲಿಟ್ರೆ ಲೋಕವೇ ನೋಡತ್ತೆ.”

“ನನ್ನ ಹಕ್ಕಿಗಳು ಲೋಕದ ಮುಂದೆ ಮೊಟ್ಟೆ ಇಡ್ಬೇಕಾ?”

“ಅವಕ್ಕೆ ಒಳಗಡೆ ಮರದ ಪೆಟ್ಟಿಗೆ ಇಡ್ತೀನಿ. ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ಹೊಸ ಗೋಡೆ ಕಟ್ಕೊಡ್ತೀನಿ.”

“ಅಷ್ಟರಲ್ಲಿ ಹೊರಟು ಹೋದ್ರೆ?”

“ಎಲ್ಲಿಗೆ ಹೋಗ್ತಾವೆ? ನಾನಿಲ್ವಾ?”

ಅಣ್ಣನ ಮಾತಿಗೆ ಅವಳು ಒಪ್ಪಿದಳು. ನಾನು ತಡೆಯಬಹುದಿತ್ತು. ನಕ್ಕುಬಿಟ್ಟೆ.

ಮತ್ತೆಯೊಸ್ ಪ್ರತಿ ಚಪ್ಪಡಿಗೂ ಸೀಮೆಸುಣ್ಣದಲ್ಲಿ ನಂಬರು ಬರೆದು ಬಿಚ್ಚಿ, ಮೊದಲಿದ್ದ ಹಾಗೆಯೇ ಹೋಟೆಲಿನ ಮುಂದಿನ ಗೋಡೆಗೆ ಜೋಡಿಸಿದ. ಲಿಡಿಯಾಳ ನಕ್ಷೆಯಲ್ಲಿ ಗೂಡುಗಳು ಬರೀ ಅಲಂಕಾರ. ಎರಡು ಬೆರಳಿನಷ್ಟು ತಗ್ಗು, ಅದರ ಹಿಂದೆ ಗೋಡೆ. ಅದಕ್ಕೆ ಅವನ ಕೈ ಒಪ್ಪಲಿಲ್ಲ.

“ಹಕ್ಕಿ ಕೂರದ ಗೂಡು ಕಟ್ಟಿದ್ರೆ ನಮ್ಮಪ್ಪ ಗೋರಿಯಿಂದ ಎದ್ದು ಬಂದು ನನ್ನ ಕೈ ಮುರೀತಾನೆ ಮಾರಾಯ” ಎಂದು ನನ್ನೆದುರು ಗೊಣಗಿ, ಅವಳಿಗೆ ಹೇಳದೆ ಒಂದೊಂದನ್ನೂ ಮೊಳಕೈವರೆಗೆ ಆಳ ಮಾಡಿದ.

ಹೋಟೆಲು ತೆರೆಯಿತು. ಮರದ ಪೆಟ್ಟಿಗೆ ಒಗ್ಗದ ಹಕ್ಕಿಗಳು ವಾರದೊಳಗೆ ಕಣಿವೆ ದಾಟಿ ತಮ್ಮ ಕಲ್ಲಿಗೇ ಬಂದು ಸಂಸಾರ ಹೂಡಿದವು. ಗೋಡೆಯ ಬುಡದಲ್ಲೇ ಮೇಜುಗಳು. ಕಪ್ಪು ತಲೆಯ ವಕೀಲರೊಬ್ಬರು ಊಟಕ್ಕೆ ಕೂತವರು, ಕಾಫಿ ಬರುವಷ್ಟರಲ್ಲಿ ತಲೆಯೆಲ್ಲ ಬೆಳ್ಳಗಾಗಿ ಎದ್ದರು.

“ಮೇಸ್ತ್ರೀ, ನಾನು ಚಿತ್ರ ಕೇಳ್ದೆ, ನೀವು ಮನೆ ಕಟ್ಟಿದೀರಿ. ಗೂಡು ಮುಚ್ಚಿಬಿಡಿ” ಎಂದಳು ಲಿಡಿಯಾ.

“ಮೇಜು ಆಚೆ ಹಾಕಿ ತಾಯಿ.”

“ಎಲ್ಲಿಗೆ, ಸಮುದ್ರಕ್ಕಾ? ನಿಮ್ಮ ಕೈಲಾಗಲ್ಲ ಅಂದ್ರೆ ಹೇಳಿ, ಬೇರೆಯವರನ್ನ ಕರೆಸಿ ಸಿಮೆಂಟ್ ತುಂಬಿಸ್ತೀನಿ.”

ಅದೊಂದು ಮಾತು ಸಾಕಾಯಿತು. ತನ್ನ ಗೋಡೆಗೆ ಇನ್ನೊಬ್ಬನ ಸಿಮೆಂಟು! ಕೆಲಸ ಬಿಟ್ಟು ಎದ್ದು ಬರಬಹುದಿತ್ತು, ಕಲ್ಲು ವಾಪಸು ಕೇಳಬಹುದಿತ್ತು. ಅವನು ಕೇಳಿದ್ದು ಮರಿಗಳು ಹಾರುವವರೆಗಿನ ಗಡುವು ಮಾತ್ರ. ಆಮೇಲೆ ಪ್ರತಿ ಗೂಡಿಗೂ ಅಳತೆಯ ಕಲ್ಲಿನ ಬಿಲ್ಲೆ ಕಡಿದು, ತಾನೇ ಮುಚ್ಚಿದ.

ಹಕ್ಕಿಗಳು ಮೂರು ದಿನ ಚಾವಣಿಯ ಮೇಲೆ ಕೂತಿದ್ದವು. ನಾಲ್ಕನೆಯ ದಿನ ಇರಲಿಲ್ಲ.

ದ್ರಾಕ್ಷಿ ಕೊಯ್ಲಿಗೆ, ಕೊಟ್ಟ ಮಾತಿನಂತೆ, ತಂಗಿಗೆ ಹೊಸ ಗೋಡೆ ಕಟ್ಟಿದ. ಹಳೆಯದಕ್ಕಿಂತ ಚೆಂದ. ಎರಡು ವರ್ಷವಾಯಿತು, ಅದಕ್ಕೆ ಗುಬ್ಬಿಯೂ ಬಂದಿಲ್ಲ. ಮಾರುಸಾ ಜಗಳವಾಡಲಿಲ್ಲ, ಆಡಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಈ ಸಲ ತನ್ನ ಹೆಸರಿನ ಸಂತರ ಹಬ್ಬದ ದಿನ ಅವಳೇ, “ಆ ಹೋಟೆಲಿಗೆ ಕರ್ಕೊಂಡು ಹೋಗಣ್ಣ” ಎಂದಳು. ಮೂವರೂ ಗೋಡೆಯ ಬುಡದಲ್ಲಿ ಕೂತೆವು. ಲಿಡಿಯಾ ಒಣಗಿಸಿದ ಹಂದಿಮಾಂಸ, ರಾಕಿ ಸಾರಾಯಿ ಕಳಿಸಿದಳು. ಮಾರುಸಾ ಎದ್ದು ಒಂದು ಗೂಡಿಗೆ ಕೈ ಹಾಕಿದಳು. ಬೆರಳ ಗೆಣ್ಣಿನವರೆಗೆ ಹೋಗಿ ನಿಂತಿತು. ಬಿಲ್ಲೆಯ ಅಂಚನ್ನು ಸುತ್ತಲೂ ಸವರಿ ನೋಡಿದಳು.

“ಚೆನ್ನಾಗಿ ಮುಚ್ಚಿದೀಯಣ್ಣ. ಉಗುರೂ ಹೋಗಲ್ಲ.”

ಅವನ ಕೆಲಸವನ್ನು ಅವಳು ಹೊಗಳಿದ್ದು ಅದೇ ಮೊದಲು. ಮತ್ತೆಯೊಸ್ ಒಂದು ತುತ್ತೂ ತಿನ್ನಲಿಲ್ಲ. ಹೊರಡುವಾಗ ಅವನ ಪಾಲಿನ ಮಾಂಸವನ್ನು ಅವಳು ಕಾಗದದಲ್ಲಿ ಸುತ್ತಿ, ಅವನ ಕೋಟಿನ ಜೇಬಿಗೆ ಹಾಕಿದಳು.